ನಾಲ್ಕನೆಯ ಕೋಣೆ

ಶಂಕರಿ ಟೀಚರಿಗೆ ಆಯಾಸ ಸುರುವಾಗಿ ಆರು ವರ್ಷ. ಪಿಎಚ್‌ಡಿಗೆ ಹೆಸರು ನೋಂದಾಯಿಸಿಯೂ ಆರು ವರ್ಷ. ಎರಡು ಸಂಗತಿ ಒಟ್ಟೊಟ್ಟಿಗೆ ಬಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಯಿತೆಂದು ತೀರ್ಮಾನಿಸಬಾರದು ಅಂತ ಅವಳು ಓದಿದ ಶಾಸ್ತ್ರವೇ ಹೇಳುತ್ತದೆ. ಹೇಳಲಿ ಬಿಡಿ. ಬೆಳಗ್ಗೆ ನಾಲ್ಕೂವರೆಗೆ ಎದ್ದು ದೋಸೆ ಎರೆಯುವವಳು ಶಂಕರಿ, ಶಾಸ್ತ್ರವಲ್ಲವಲ್ಲ.

ನಲುವತ್ತೆರಡರ ಹೆಂಗಸು. ಕೇರಳಕ್ಕೆ ಸೇರಿದ ಕಾಸರಗೋಡಿನ ಕಡೆ, ಕಾರಡ್ಕದ ಆಚೆಗಿನ ಒಂದು ಹೈಸ್ಕೂಲಿನ ಕನ್ನಡ ವಿಭಾಗದಲ್ಲಿ ಸಮಾಜ ಪಾಠ ಮಾಡುತ್ತಾಳೆ. ಮನೆಯಲ್ಲಿ ಗಂಡ ವಿಷ್ಣುಪ್ರಸಾದ, ಸೊಂಟ ಮುರಿದು ಹಾಸಿಗೆ ಹಿಡಿದ ಅತ್ತೆ. ಶಾಲೆಯಲ್ಲಿ ಕಲೋತ್ಸವಕ್ಕೆ ಮಕ್ಕಳನ್ನು ಕಾಸರಗೋಡಿಗೆ ಕರೆದುಕೊಂಡು ಹೋಗಬೇಕೇ, ಮತದಾರರ ಪಟ್ಟಿ ಹಿಡಿದು ಬಿಸಿಲಲ್ಲಿ ಮನೆಮನೆ ಅಲೆಯಬೇಕೇ, ರಜೆ ಹಾಕಿದವರ ಪಿರಿಯಡ್ಡಿಗೆ ನಿಲ್ಲಬೇಕೇ, "ಶಂಕರಿ ಟೀಚರ್ ಹೋಗ್ತಾರೆ, ಅವರಿಗೆ ಎಲ್ಲ ಅಭ್ಯಾಸ ಉಂಟು" ಎಂದು ಯಾರಾದರೊಬ್ಬರು ಹೇಳಿ ಮುಗಿಸುತ್ತಿದ್ದರು. ಅಭ್ಯಾಸ ಉಂಟಂತೆ! ತಾಯಿಯ ಹೊಟ್ಟೆಯಲ್ಲೇ ಅಭ್ಯಾಸ ಮಾಡಿಕೊಂಡು ಬಂದವರು ಯಾರಿದ್ದಾರೆ ಸ್ವಾಮೀ? ಮೊದಲ ಸಲವೇ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳದೆ ಇದ್ದುದರ ಫಲ ಅದು, ಅಷ್ಟೇ.

ಪಿಎಚ್‌ಡಿಗೆ ಎರಡು ಬಾರಿ ಅವಧಿ ವಿಸ್ತರಿಸಿಯಾಗಿತ್ತು. ಮೂರನೆಯ ಬಾರಿ ಕೊಡುವ ಕ್ರಮವಿಲ್ಲ. ಈ ಮಾರ್ಚ್ ಮೂವತ್ತೊಂದರ ಒಳಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದಾಗುತ್ತದೆ, ಆರು ವರ್ಷದ ಕೆಲಸ ಮಣ್ಣುಪಾಲು. ಇದು ಮಾರ್ಚಿನ ಮೊದಲ ವಾರದ ಕತೆ.

ಅವಳು ಹಿಡಿದ ವಿಷಯವೇನೂ ಸಣ್ಣದಲ್ಲ. ಕನ್ನಡ ಮೀಡಿಯಮ್ಮಿನ ಮಕ್ಕಳಿಗೆ ಕನ್ನಡ ಬಾರದ, ಮಲಯಾಳದ ಟೀಚರು ಬಂದರೆ ಏನಾಗುತ್ತದೆ ಎಂಬುದು ಆ ಕಡೆಯವರು ಚಾ ಕುಡಿಯುವಲ್ಲೂ ಜಗಳಾಡುವ ಸಂಗತಿ. ಮಕ್ಕಳ ಬಾಳೇ ಹಾಳಾಯಿತು ಎನ್ನುವವರಿದ್ದಾರೆ, ಮಕ್ಕಳಲ್ಲವೇ, ಹೇಗೂ ಕಲಿತುಕೊಳ್ಳುತ್ತಾರೆ ಎನ್ನುವವರೂ ಇದ್ದಾರೆ. ಶಂಕರಿಗೆ ಎರಡು ಮಾತೂ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ತೊಂದರೆ ಭಾಷೆಯದೋ, ಎದುರು ನಿಂತವರ ಮುಖದ್ದೋ? ದಿನಾ ನೋಡುವ ಮಾಷ್ಟ್ರೇ ಮಲಯಾಳದಲ್ಲಿ ಹೇಳಿದರೆ? ಗುರುತಿಲ್ಲದವರು ಕನ್ನಡದಲ್ಲೇ ಹೇಳಿದರೆ? ಒಂದೊಂದನ್ನೇ ಬೇರೆ ಬೇರೆ ನೋಡಿದರೆ ಇದು ತಿಳಿಯುವುದಿಲ್ಲ, ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಎರಡು ಸಂಗತಿ, ಒಂದೊಂದಕ್ಕೆ ಎರಡೆರಡು ಬಗೆ. ಹಾಗಾಗಿ ನಾಲ್ಕು ಕೋಣೆ.

ಮೊದಲ ಕೋಣೆಯಲ್ಲಿ ಮಕ್ಕಳ ಸ್ವಂತ ಟೀಚರು ಕನ್ನಡದಲ್ಲಿ ಪ್ರಶ್ನೆ ಓದಿ ಹೇಳುವುದು. ಎರಡನೆಯದರಲ್ಲಿ ಸ್ವಂತ ಟೀಚರೇ, ಆದರೆ ಮಲಯಾಳದಲ್ಲಿ. ಮೂರನೆಯದರಲ್ಲಿ ಹೊಸಬರು, ಕನ್ನಡದಲ್ಲಿ. ನಾಲ್ಕನೆಯದರಲ್ಲಿ ಹೊಸಬರು, ಮಲಯಾಳದಲ್ಲಿ. ಎಲ್ಲ ಕಡೆಯೂ ಅದೇ ಇಪ್ಪತ್ತು ಬಾಯಿಲೆಕ್ಕ, ಉತ್ತರ ಬರಿಯ ಅಂಕೆ. ಕೊನೆಗೆ ಒಂದು ಕಾಗದದಲ್ಲಿ ಸಾಲಾಗಿ ಐದು ಮುಖ, ನಗುವ ಮುಖದಿಂದ ಹಿಡಿದು ಅಳುವ ಮುಖದವರೆಗೆ. ಕೂತಿರುವಾಗ ಎಷ್ಟು ಹೆದರಿಕೆಯಾಯಿತೋ ಆ ಮುಖಕ್ಕೆ ಮಗು ಗುರುತು ಹಾಕಬೇಕು.

ಅತ್ತೆ ಆಗಿನ್ನೂ ಓಡಾಡಿಕೊಂಡಿದ್ದರು. ಊಟದ ಮೇಜಿನ ಮೇಲೆ ಸೊಸೆ ಬಿಡಿಸಿದ ನಾಲ್ಕು ಚೌಕ ನೋಡಿ, "ಇದೆಂತದು ಶಂಕರಿ, ಮನೆ ಕಟ್ಟುವ ಅಂದಾಜು ಉಂಟಾ?" ಎಂದು ಕೇಳಿದ್ದರು.

"ಅಲ್ಲ ಅತ್ತೆ. ನಿಮ್ಮ ಗಂಟುನೋವಿನ ಮಾತ್ರೆ ಒಂದೇ ತೆಕ್ಕೊಂಡ್ರೆ ನಿಮಗೆ ಎಂತ ಆಗುದಿಲ್ಲ. ಆ ಕೆಮ್ಮಿನ ಮದ್ದು ಒಂದೇ ಕುಡಿದ್ರೂ ಎಂತ ಆಗುದಿಲ್ಲ. ಎರಡೂ ಒಟ್ಟಿಗೆ ಹೋದ ದಿನ ತಲೆ ತಿರುಗಿತಲ್ಲ? ಮಕ್ಕಳಿಗೂ ಹಾಗೆ ಉಂಟಾ ಅಂತ ನೋಡುದು."

"ಹಾಗಾದ್ರೆ ಈ ನಾಲ್ಕನೆ ಕೋಣೆಯ ಮಕ್ಕಳಿಗೆ ತಲೆ ತಿರುಗ್ತದೆ ಅಂತ ನೀನು ಹೇಳುದು."

"ತಿರುಗ್ತದಾ ಇಲ್ವಾ ಅಂತ ನೋಡ್ಲಿಕ್ಕೇ ಅಲ್ವಾ ಇಷ್ಟೆಲ್ಲ."

"ಪಾಪ," ಎಂದು ಅತ್ತೆ ಒಳಗೆ ಹೋಗಿದ್ದರು.

ಇಷ್ಟರಲ್ಲಿ ಒಂದು ಸಂಗತಿ ಮಾತ್ರ ಅಪ್ಪಿತಪ್ಪಿಯೂ ತಪ್ಪಕೂಡದು. ಯಾವ ಮಗು ಯಾವ ಕೋಣೆಗೆ ಎಂಬುದನ್ನು ಮನುಷ್ಯರು ಹೇಳಬಾರದು, ಚೀಟಿ ಹೇಳಬೇಕು. ಜಾಣರು, ಮಂಕುಗಳು, ಅಳುಬುರುಕರು, ಗಟ್ಟಿಗರು ಎಲ್ಲ ನಾಲ್ಕೂ ಕೋಣೆಗೆ ಹೆಚ್ಚುಕಡಿಮೆ ಸಮನಾಗಿ ಬೀಳಲೆಂದೇ ಆ ಚೀಟಿ. ಆಗ ಒಂದು ಕೋಣೆಯ ಮಕ್ಕಳು ಸೋತರೆ ಅದು ಕೋಣೆಯ ದೋಷ, ಮಕ್ಕಳದ್ದಲ್ಲ ಎಂದು ಎದೆ ತಟ್ಟಿ ಹೇಳಬಹುದು. ಅದೊಂದು ಕೆಟ್ಟರೆ ಮತ್ತೆ ಎಷ್ಟು ದೊಡ್ಡ ಕೋಷ್ಟಕ ಹಾಕಿದರೂ ಆ ಕಾಗದ ಕಡ್ಲೆ ಕಟ್ಟಲಿಕ್ಕೆ ಮಾತ್ರ.

ಪ್ರಯೋಗ ನಡೆದದ್ದು ಎರಡು ವರ್ಷದ ಹಿಂದೆ, ಕುಂಬ್ಡಾಜೆ ಕಡೆಯ ಗುಡ್ಡದ ಮೇಲಿನ ಒಂದು ಶಾಲೆಯಲ್ಲಿ. ಆರನೆಯ, ಏಳನೆಯ ಕ್ಲಾಸಿನ ಎಂಬತ್ತು ಮಕ್ಕಳು, ಕೋಣೆಗೆ ಇಪ್ಪತ್ತು. ಅಲ್ಲಿನ ಹೆಡ್‌ಮಾಷ್ಟ್ರು ಗಣೇಶಪ್ರಸಾದರು ಒಳ್ಳೆಯ ಮನುಷ್ಯ, ಕೇಳಿದ್ದಕ್ಕೆಲ್ಲ ಹೂಂ ಎಂದರು. ಮುನ್ನಾದಿನ ಅವರ ಆಫೀಸಿನಲ್ಲೇ ಕೂತು ಶಂಕರಿ ಎಂಬತ್ತು ಚೀಟಿ ಎತ್ತಿ, ಪಟ್ಟಿ ಬರೆದು, ಇದ್ದ ಆ ಒಂದೇ ಪ್ರತಿಯನ್ನು ಅವರ ಕೈಯಲ್ಲಿ ಕೊಟ್ಟು ಬಂದಿದ್ದಳು. ಮಾರನೆಯ ಬೆಳಗ್ಗೆ ಎಂಟಕ್ಕೆ ತಾನೇ ಎದುರು ನಿಂತು ಮಕ್ಕಳನ್ನು ಕೂರಿಸುವುದೆಂದು ಮಾತು. ಏಳು ಗಂಟೆಗೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಗಂಡ ಊರಲ್ಲಿರಲಿಲ್ಲ. ಜೀಪು ಹಿಡಿದು ಕಾಸರಗೋಡಿನ ಆಸ್ಪತ್ರೆಗೆ ಸಾಗಿಸಿ, ಎಕ್ಸ್‌ರೇ ಮುಗಿಸಿ, ನಾದಿನಿಯನ್ನು ಕೂರಿಸಿ ಅವಳು ಗುಡ್ಡ ಹತ್ತುವಾಗ ಹನ್ನೊಂದೂವರೆ. ಅಷ್ಟರಲ್ಲಿ ಮಾಷ್ಟ್ರು ಎಲ್ಲ ಮುಗಿಸಿ, ನಾಲ್ಕು ಕಟ್ಟು ಉತ್ತರಪತ್ರಿಕೆಗೆ ದಾರ ಕಟ್ಟಿ ಇಟ್ಟಿದ್ದರು. ಶಂಕರಿಗೆ ಅಂದು ಅವರ ಕಾಲು ಹಿಡಿಯಬೇಕೆನಿಸಿತ್ತು.

ಆ ಕಟ್ಟುಗಳನ್ನು ಬಿಚ್ಚಿ, ಅಂಕ ಹಾಕಿ, ಕಂಪ್ಯೂಟರಿಗೆ ತುಂಬಿಸುವುದಕ್ಕೇ ಒಂದೂವರೆ ವರ್ಷ ಹಿಡಿಯಿತು. ಹಿಡಿಯದೆ ಏನು, ಹಾಸಿಗೆ ಹಿಡಿದವರು ಮನೆಯಲ್ಲಿದ್ದರೆ ಗೊತ್ತಾಗುತ್ತದೆ. ಕಡೆಗೂ ಫಲಿತಾಂಶ ಬಂತು. ಇಪ್ಪತ್ತರಲ್ಲಿ ಸರಾಸರಿ: ಮೊದಲ ಕೋಣೆಗೆ ಹದಿನಾಲ್ಕು, ಎರಡನೆಯದಕ್ಕೆ ಹದಿನಾಲ್ಕು, ಮೂರನೆಯದಕ್ಕೆ ಹದಿಮೂರು ಚಿಲ್ಲರೆ, ನಾಲ್ಕನೆಯದಕ್ಕೆ ಹದಿನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಮುಖಗಳ ಕತೆ ಅದಕ್ಕಿಂತ ವಿಚಿತ್ರ. ನಾಲ್ಕನೆಯ ಕೋಣೆಯ ಹೆಚ್ಚಿನ ಮಕ್ಕಳು ನಗುವ ಮುಖಕ್ಕೇ ಗುರುತು ಹಾಕಿದ್ದರು. ಗುರುತಿಲ್ಲದ ಮನುಷ್ಯ ಬಂದು ಸರಿಯಾಗಿ ತಿಳಿಯದ ಭಾಷೆಯಲ್ಲಿ ಲೆಕ್ಕ ಕೇಳಿದಾಗ ಎಂಬತ್ತು ಮಕ್ಕಳಲ್ಲಿ ಎಲ್ಲರಿಗಿಂತ ಹಾಯಾಗಿದ್ದವರು ಇವರೇ.

"ಭಾಷೆ, ಮುಖ ಎರಡೂ ಸೇರಿದ್ದರ ಜೊತೆ ಪರಿಣಾಮ ಇಲ್ಲ ಅಂತ ಬರೀರಿ," ಎಂದರು ಗೈಡ್ ಶಿವಸುಬ್ರಹ್ಮಣ್ಯ ಸರ್. "ಇಲ್ಲ ಅನ್ನುವುದೂ ಒಂದು ಫಲಿತಾಂಶವೇ. ಯಾಕೆ ಮುಖ ಸಣ್ಣ ಮಾಡ್ತೀರಿ?"

ಶಂಕರಿ ಬರೆದಳು. ಹೊಸ ಶಿಕ್ಷಕರು ಬೇರೆ ಭಾಷೆಯಲ್ಲಿ ಕಲಿಸಿದರೂ ಮಕ್ಕಳ ಸಾಧನೆಗಾಗಲಿ ಮನಸ್ಸಿಗಾಗಲಿ ತೊಂದರೆಯಾದದ್ದು ಈ ಅಧ್ಯಯನದಲ್ಲಿ ಕಂಡುಬಂದಿಲ್ಲ. ಬರೆದ ವಾಕ್ಯವನ್ನು ಓದುವಾಗ ಒಳಗೆ ಏನೋ ಚುಚ್ಚಿತು. ಇಪ್ಪತ್ತು ವರ್ಷ ಕ್ಲಾಸಿನಲ್ಲಿ ಮಕ್ಕಳ ಮುಖ ನೋಡಿದವಳಿಗೆ ಈ ಮಾತು ಸುಳ್ಳೆಂದು ಅನಿಸಿತು. ಆದರೆ ಅನಿಸಿದ್ದನ್ನೆಲ್ಲ ಹಿಡಿದು ಎಳೆಯುತ್ತ ಕೂರುವ ತ್ರಾಣ ಯಾರಿಗಿದೆ? ಮುಗಿದರೆ ಸಾಕಾಗಿತ್ತು ಅವಳಿಗೆ.

ಇನ್ನು ಉಳಿದದ್ದು ಒಂದೇ ಸಹಿ. ಮಕ್ಕಳನ್ನು ಚೀಟಿ ಎತ್ತಿ ಹಂಚಿ ಪ್ರಯೋಗ ನಡೆಸಲಾಗಿದೆ ಎಂದು ಆಗಿನ ಹೆಡ್‌ಮಾಷ್ಟ್ರು ದೃಢೀಕರಿಸಬೇಕು. ಗಣೇಶಪ್ರಸಾದ ಮಾಷ್ಟ್ರು ಕಳೆದ ವರ್ಷವೇ ನಿವೃತ್ತರಾಗಿದ್ದರು. ಶನಿವಾರ ಮಧ್ಯಾಹ್ನ ಎರಡು ಬಸ್ಸು ಬದಲಾಯಿಸಿ ಅವಳು ಅವರ ಮನೆಗೆ ಹೋದಳು.

"ಬನ್ನಿ ಬನ್ನಿ ಟೀಚರೇ. ಎಂತ ಬಿಸಿಲು ಮಾರಾಯ್ರೇ ಇದು," ಎಂದು ಮಾಷ್ಟ್ರು ಫ್ಯಾನು ಅವಳ ಕಡೆ ತಿರುಗಿಸಿ, ಒಳಗಿಂದ ಬೆಲ್ಲ, ನೀರು ತರಿಸಿದರು. ಆಮೇಲೆ ಪುನರ್ಪುಳಿ ಪಾನಕ. ಕಾಗದವನ್ನು ಕಣ್ಣಿನಿಂದ ದೂರ ಹಿಡಿದು ಓದುತ್ತ ಅವರು ಖುಷಿಯಲ್ಲಿ ತಲೆಯಾಡಿಸಿದರು.

"ಅವತ್ತು ನೀವು ಬರ್ಲಿಕ್ಕಾಗದಿದ್ರೂ ಒಂದು ಚೂರು ಗಲಾಟೆ ಆಗ್ಲಿಲ್ಲ ನೋಡಿ. ಒಂದು ಮಗುವಾದ್ರೂ ಅತ್ತದ್ದುಂಟಾ ಹೇಳಿ?"

"ಇಲ್ಲ ಮಾಷ್ಟ್ರೇ. ಎಲ್ಲ ನಿಮ್ಮಿಂದ."

"ಅಳುವ ಹಾಗೆ ನಾನು ಬಿಟ್ರೆ ಅಲ್ವಾ! ನಿಮ್ಮ ಪಟ್ಟಿ ನೋಡಿ ನನಗೆ ಎದೆ ಧಸಕ್ಕೆಂದಿತು ಟೀಚರೇ. ಆ ನಾಲ್ಕನೆ ಕೋಣೆಗೆ ಎಂತೆಂತವರನ್ನು ಹಾಕಿದ್ದಿರಿ ಗೊತ್ತುಂಟಾ? ಆ ಗೌತಮಿ ಉಂಟಲ್ಲ, ಯಾರಾದ್ರೂ ಹೊಸಬರು ಸ್ವರ ಎತ್ತಿದ್ರೆ ಚಡ್ಡಿ ಒದ್ದೆ ಮಾಡಿಕೊಳ್ತದೆ ಅದು. ಯೋಗೀಶನಿಗೆ ಉಗ್ಗು. ಇನ್ನೊಂದಕ್ಕೆ ಆ ವಾರವೇ ಅಜ್ಜ ತೀರಿದ್ದು. ಎಲ್ಲ ಒಂದೇ ಕೋಣೆಯಲ್ಲಿ! ಬೆಳಗ್ಗೆ ಎಂಟಕ್ಕೆ ಕೂತು ಹನ್ನೊಂದು ಮಕ್ಕಳನ್ನು ಅಲ್ಲಿಂದ ತೆಗೆದು ಬೇರೆ ಕೋಣೆಗೆ ಹಾಕಿದೆ."

ಶಂಕರಿಯ ಕೈಯ ಲೋಟ ಬಾಯಿಯ ಹತ್ತಿರವೇ ನಿಂತಿತು.

"ನೀವು ಕೋಣೆಗೆ ಇಪ್ಪತ್ತು ಇರ್ಲೇಬೇಕು ಅಂದಿದ್ದಿರಲ್ಲ, ಅದು ನೆನಪಿತ್ತು ನನಗೆ," ಎಂದು ಮಾಷ್ಟ್ರು ಮುಂದುವರಿಸಿದರು. "ಅದಕ್ಕೆ ಹನ್ನೊಂದು ಮಕ್ಕಳನ್ನು ಆಚೆಯಿಂದ ಈಚೆ ತಂದೆ. ಸರಿಯಾಗಿ ಇಪ್ಪತ್ತು."

"ಯಾರನ್ನು ತಂದಿರಿ?"

"ತಡ್ಕೊಳ್ಳುವವರನ್ನು."

ಅವಳಿಗೆ ಸಿಟ್ಟು ನೆತ್ತಿಗೇರಿತು. ಎದುರಿಗಿದ್ದವರು ಅರುವತ್ತರ ಸಾಧು ಮನುಷ್ಯ, ಮಾಡಿದ ಉಪಕಾರಕ್ಕೆ ಒಂದು ಒಳ್ಳೆಯ ಮಾತು ಬರುತ್ತದೆಂದು ಕಾಯುತ್ತಿದ್ದಾರೆ. ಕಿರುಚುವುದು ಹೇಗೆ? ಲೋಟ ಕೆಳಗಿಟ್ಟು ಕೇಳಿದಳು.

"ಮತ್ತೆ ನಾನು ಚೀಟಿ ಎತ್ತಿದ್ದು ಎಂತಕ್ಕೆ ಮಾಷ್ಟ್ರೇ?"

"ಚೀಟಿಗೆ ಮಕ್ಕಳ ಗುರುತು ಉಂಟಾ ಟೀಚರೇ? ನನಗೆ ಉಂಟು."

ಚೀಟಿಗೆ ಮಕ್ಕಳ ಗುರುತು ಇರಬಾರದೆಂದೇ ಅದು ಚೀಟಿ. ಶಂಕರಿ ಅರ್ಧ ಗಂಟೆ ಕೂತು, ಕ್ಲಾಸಿನಲ್ಲಿ ಹೇಳುವಂತೆ ಒಂದೊಂದೇ ಬಿಡಿಸಿ ಹೇಳಿದಳು. ಹೆದರುವ ಮಕ್ಕಳನ್ನು ಹೆದರಿಕೆಯ ಕೋಣೆಯಿಂದ ಹೊರಗೆ ತೆಗೆದು, ಗಟ್ಟಿ ಮಕ್ಕಳನ್ನು ಒಳಗೆ ಹಾಕಿದರೆ ಆ ಕೋಣೆ ಹೆದರಿಸುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಹೆದರಿಕೆಯೇ ಇಲ್ಲ ಎಂದು ಕಾಗದ ಹೇಳುತ್ತದೆ. ನಾಳೆ ಯಾರೋ ಅದನ್ನು ಎತ್ತಿ ಹಿಡಿದು, ನೋಡಿ, ಮಕ್ಕಳಿಗೆ ಏನೂ ಆಗುವುದಿಲ್ಲವಂತೆ, ಯಾರನ್ನು ಬೇಕಾದರೂ ಕಳಿಸಿ ಎನ್ನುತ್ತಾರೆ.

ಮಾಷ್ಟ್ರ ಮುಖದ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

"ಹಾಗಾದ್ರೆ ನಾನು ಹಾಳು ಮಾಡಿದೆನಾ?"

ಇಲ್ಲ ಎನ್ನಬಹುದಿತ್ತು. ಅಷ್ಟು ದೂರದಿಂದ ಬಂದು, ಅವರ ಮನೆಯ ಪಾನಕ ಕುಡಿದು, ಆ ಒಂದು ಸುಳ್ಳು ಹೇಳಿದ್ದರೆ ಏನೂ ಮುಳುಗುತ್ತಿರಲಿಲ್ಲ. ಅವಳಿಗೆ ಅದೂ ಬೇಡವಾಯಿತು.

"ಹೌದು ಮಾಷ್ಟ್ರೇ," ಎಂದಳು.

ಮಾಷ್ಟ್ರು ಕಿಸೆಯಿಂದ ಪೆನ್ನು ತೆಗೆದು, ಕಾಗದವನ್ನು ತೊಡೆಯ ಮೇಲಿಟ್ಟು ಸಹಿ ಹಾಕಿ, ತಾರೀಕು ಬರೆದರು. "ಇದು ನನಗೆ ನಿಮಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನೀವು ಇಷ್ಟು ವರ್ಷ ಕಷ್ಟಪಟ್ಟದ್ದು ನನ್ನಿಂದ ಹೋಗುದು ಬೇಡ. ನಾನು ಬಾಯಿ ಬಿಡುದಿಲ್ಲ."

ಅವಳು ಹೊರಡುವಾಗ ನಾಲ್ಕನೆಯ ಕೋಣೆಗೆ ತಂದ ಹನ್ನೊಂದು ಮಕ್ಕಳ ಹೆಸರು ಕೇಳಿ ಬರೆದುಕೊಂಡಳು. ಎಲ್ಲವೂ ಮಾಷ್ಟ್ರಿಗೆ ಬಾಯಿಪಾಠ ಇತ್ತು. ಮೊದಲನೆಯದು ಅಕ್ಷಯಾ. "ಈಗ ನಿಮ್ಮ ಶಾಲೆಯಲ್ಲೇ ಉಂಟಲ್ಲ, ಒಂಬತ್ತನೆಯಲ್ಲಿ. ತಾಯಿ ಇಲ್ಲ. ಅಪ್ಪ ಮಸ್ಕತ್ತಿನಲ್ಲಿ, ಇವಳು ದೊಡ್ಡಮ್ಮನ ಮನೆಯಲ್ಲಿ. ಬಂಗಾರದ ಹಾಗಿನ ಮಗು ಟೀಚರೇ. ಎಂತ ಹೇಳಿದ್ರೂ ಇಲ್ಲ ಅನ್ನುದಿಲ್ಲ."

ಭಾನುವಾರ ಬೆಳಗ್ಗೆ ಅತ್ತೆಯ ಹಾಸಿಗೆ ಬದಲಾಯಿಸಿ, ಅಡುಗೆ ಒಲೆಯ ಮೇಲಿಟ್ಟು ಅವಳು ಗೈಡಿಗೆ ಫೋನು ಮಾಡಿದಳು. ಸರ್ ಪೂರ್ತಿ ಕೇಳಿದರು.

"ಎಲ್ಲ ಬರೆದು, ಹೀಗಾಯಿತು ಅಂತ ಒಪ್ಪಿಕೊಂಡು ಕೊಟ್ಟರೆ?" ಎಂದು ಅವಳು ಕೇಳಿದಳು.

"ಒಪ್ಪಿಕೊಂಡರೆ ಮತ್ತೆ ಪ್ರಬಂಧದಲ್ಲಿ ಉಳಿಯುವುದೇನು? ಹಂಚಿಕೆಯೇ ಕೆಟ್ಟ ಮೇಲೆ ಅದು ಪ್ರಯೋಗವೇ ಅಲ್ಲ. ಹೊಸದಾಗಿ ಮಾಡಿ ಅಂತ ವಾಪಸು ಕಳಿಸುತ್ತಾರೆ. ಮಾಡಲಿಕ್ಕೆ ನಿಮಗೆ ಅವಧಿ ಇಲ್ಲ."

"ಅಂದರೆ?"

"ನೋಡಿ ಶಂಕರಿ, ನೀವು ಈಗ ಹೇಳಿದ್ದನ್ನು ನಾನು ಕೇಳಿಸಿಕೊಂಡಿಲ್ಲ ಅಂತ ಇಟ್ಟುಕೊಳ್ಳುತ್ತೇನೆ. ಸಹಿ ಉಂಟಲ್ಲ ನಿಮ್ಮ ಕೈಯಲ್ಲಿ. ನೀವು ಸೋತುಹೋಗಿದ್ದೀರಿ, ನನಗೆ ಗೊತ್ತಾಗುತ್ತದೆ. ಕೊಟ್ಟು ಮುಗಿಸಿ."

ಆ ದನಿಯಲ್ಲಿ ಮೋಸವಿರಲಿಲ್ಲ, ಕರುಣೆಯಿತ್ತು. ಈ ಕರುಣೆ ಇರುವ ಜನರಿಂದಲೇ ಅವಳಿಗೆ ಸಾಕೋ ಸಾಕಾಗಿತ್ತು. ಗಂಡನೂ ಪೇಪರಿನಿಂದ ತಲೆ ಎತ್ತದೆ ಅದನ್ನೇ ಹೇಳಿದ. "ಕೊಟ್ಟು ಕೈ ತೊಳ್ಕೋ ಮಾರಾಯ್ತಿ. ಯಾರು ಓದ್ತಾರೆ ಅದನ್ನೆಲ್ಲ? ಕಪಾಟಿನಲ್ಲಿ ಧೂಳು ಹಿಡೀತದೆ, ಅಷ್ಟೇ."

ಯಾರೂ ಓದುವುದಿಲ್ಲವಾದರೆ ಆರು ವರ್ಷ ಬರೆದದ್ದು ಯಾಕೆ ಎಂದು ಕೇಳಬೇಕೆನಿಸಿತು, ಅಷ್ಟೇ. ಸಂಜೆಯ ಹೊತ್ತಿಗೆ ಅವಳೂ ಕೊಡುವುದೆಂದೇ ನಿಶ್ಚಯ ಮಾಡಿದಳು. ಮಂಗಳವಾರ ಕಾಸರಗೋಡಿಗೆ ಹೋಗಿ ಪ್ರಿಂಟು ತೆಗೆಸಿ ಬೈಂಡಿಗೆ ಕೊಡುವುದು. ನಿಶ್ಚಯವಾದ ಮೇಲೆ ಮೈ ಹಗುರಾಗಬೇಕಿತ್ತು, ಆಗಲಿಲ್ಲ. ಹಳೆಯ ಕಟ್ಟು ತೆಗೆದು ಅಕ್ಷಯಾಳ ಕಾಗದ ಹುಡುಕಿ ನೋಡಿದಳು. ಇಪ್ಪತ್ತರಲ್ಲಿ ಹದಿನಾರು. ಮೊದಲನೆಯ ಮುಖ, ನಗುವ ಮುಖ. ಗುರುತು ಎಷ್ಟು ಒತ್ತಿ ಹಾಕಿತ್ತೆಂದರೆ ಕಾಗದದ ಹಿಂದೆಯೂ ಮೂಡಿತ್ತು.

ಹದಿನಾರು ಬಂದಿದೆ, ನಕ್ಕಿದೆ. ಮಗು ಚೆನ್ನಾಗಿಯೇ ಇತ್ತಲ್ಲ, ಮತ್ತೆ ನಿನಗೇನು ರೋಗ ಎಂದು ತನ್ನನ್ನೇ ಬೈದುಕೊಂಡು ಕಟ್ಟು ಮುಚ್ಚಿದಳು. ಆ ಮಗುವಿನ ಬಾಯಿಂದ ಒಂದು ಮಾತು ಕೇಳಿಬಿಟ್ಟರೆ ಮುಗಿಯಿತು, ಮನಸ್ಸಿಗೂ ಸಮಾಧಾನ, ಮಂಗಳವಾರ ನಿಶ್ಚಿಂತೆಯಲ್ಲಿ ಕಾಸರಗೋಡಿಗೆ ಹೋಗಬಹುದು ಎಂದು ಅವಳ ಲೆಕ್ಕಾಚಾರ.

ಸೋಮವಾರ ಕೊನೆಯ ಪಿರಿಯಡ್ಡಿನಲ್ಲಿ ಸ್ಟಾಫ್ ರೂಮಿನಲ್ಲಿ ಶಂಕರಿ ಒಬ್ಬಳೇ ಇದ್ದಳು. ಅಕ್ಷಯಾ ತಾನಾಗಿಯೇ ಬಂದಳು. ಗಣಿತದ ಹೊನ್ನಯ್ಯ ಮಾಷ್ಟ್ರು ತಮ್ಮ ಮೇಜಿನ ಮೇಲಿದ್ದ ಎರಡು ಡಿವಿಜನ್ನಿನ ನೋಟುಪುಸ್ತಕಗಳನ್ನು ಗೇಟಿನ ಹತ್ತಿರ ನಿಲ್ಲಿಸಿದ ಕಾರಿಗೆ ತಂದಿಡಲು ಹೇಳಿದ್ದರಂತೆ. ತೆಳ್ಳಗಿನ ಹುಡುಗಿ, ಎರಡು ಜಡೆ. ಪುಸ್ತಕಗಳನ್ನು ಗಲ್ಲದವರೆಗೆ ಪೇರಿಸಿಕೊಂಡು ಎತ್ತಿದಳು.

"ಅಕ್ಷಯಾ, ಒಂದು ನಿಮಿಷ ಬಾ ಇಲ್ಲಿ. ಏಳನೆಯಲ್ಲಿರುವಾಗ ನಿಮ್ಮನ್ನು ನಾಲ್ಕು ಕೋಣೆಯಲ್ಲಿ ಕೂರಿಸಿ ಬಾಯಿಲೆಕ್ಕ ಕೇಳಿದ್ದು ನೆನಪುಂಟಾ?"

"ಉಂಟು ಟೀಚರ್."

"ಹೇಗಾಯ್ತು ಅವತ್ತು?"

"ಒಳ್ಳೇದಾಯ್ತು ಟೀಚರ್."

ಟೀಚರು ಕೇಳಿದರೆ ಮಕ್ಕಳು ಕೊಡುವ ಉತ್ತರ ಅದು, ಕೇಳಿ ಮುಗಿಯುವ ಮೊದಲೇ ಸಿದ್ಧವಿರುತ್ತದೆ. ಶಂಕರಿಗೆ ಬೇಕಾದದ್ದು ಸಿಕ್ಕಿಯಾಗಿತ್ತು. ಸರಿ ಹೋಗು ಎಂದಿದ್ದರೆ ಮುಗಿದಿತ್ತು. ಹಾಳು ಮೇಷ್ಟರಿಕೆಯ ಬುದ್ಧಿ, ಬಾಯಿ ತಾನಾಗಿಯೇ ತೆರೆಯಿತು.

"ನಿಜ ಹೇಳು ಮಗಾ. ನಾನು ಯಾರಿಗೂ ಹೇಳುದಿಲ್ಲ."

ಹುಡುಗಿ ಬಾಗಿಲ ಕಡೆ ನೋಡಿದಳು. ಪುಸ್ತಕಗಳನ್ನು ಸೊಂಟಕ್ಕೆ ಒತ್ತಿ ಹಿಡಿದಳು.

"ಆ ಹೊಸಬರು ಹೇಳಿದ್ದು ಅರ್ಧವೂ ಗೊತ್ತಾಗ್ಲಿಲ್ಲ ಟೀಚರ್. ಸಂಖ್ಯೆ ಮಾತ್ರ ಗೊತ್ತಾಗ್ತಿತ್ತು. ಕೂಡಿಸುದಾ ಕಳೆಯುದಾ ಅಂತ ಅವರ ಕೈ ನೋಡಿ ಅಂದಾಜು ಮಾಡಿದೆ. ಇನ್ನೊಮ್ಮೆ ಹೇಳಿ ಅಂತ ಕೇಳ್ಲಿಕ್ಕೆ ಹೆದರಿಕೆ. ಮುಗಿದ ಮೇಲೆ ಪೈಪಿನ ಹತ್ತಿರ ಹೋಗಿ ವಾಂತಿ ಮಾಡಿದೆ."

"ಯಾರಿಗೂ ಹೇಳ್ಲಿಲ್ವಾ?"

"ಇಲ್ಲ. ಮುಖ ತೊಳ್ಕೊಂಡು ಕ್ಲಾಸಿಗೆ ಹೋದೆ."

"ಮತ್ತೆ ಆ ನಗುವ ಮುಖಕ್ಕೆ ಎಂತಕ್ಕೆ ಗುರುತು ಹಾಕಿದ್ದು ನೀನು?"

ಅಕ್ಷಯಾಳಿಗೆ ಆ ಪ್ರಶ್ನೆಯೇ ಅರ್ಥವಾಗದ ಹಾಗೆ ಕಂಡಿತು. "ಹೆಡ್‌ಮಾಷ್ಟ್ರು ಹೇಳಿದ್ರಲ್ಲ ಟೀಚರ್, ಗೌತಮಿಗೆ ಆಗುದಿಲ್ಲ, ನೀನು ಧೈರ್ಯದವಳು, ನೀನು ಹೋಗು ಅಂತ. ಮತ್ತೆ ನಾನು ಅಳುವ ಮುಖಕ್ಕೆ ಹಾಕಿದ್ರೆ ಅವರಿಗೆ ಬೇಜಾರಾಗುದಿಲ್ವಾ?"

ಎರಡು ವರ್ಷ ಆ ಕಾಗದ ಶಂಕರಿಯ ಮನೆಯ ಕಪಾಟಿನಲ್ಲಿತ್ತು. ಆ ನಗುವ ಮುಖಕ್ಕೆ ಒಂದು ಎಂದು ಅಂಕೆ ಹಾಕಿ, ಉಳಿದ ಹತ್ತೊಂಬತ್ತು ಅಂಕೆಗಳ ಜೊತೆ ಕೂಡಿಸಿ, ಭಾಗಿಸಿ, ಹೆದರಿಕೆ ಇಲ್ಲ ಎಂದು ಬರೆದವಳು ತಾನು. ಗೌತಮಿಗೆ ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಏಕೆಂದರೆ ಗೌತಮಿ ಅಳುತ್ತದೆ. ಅಳದ ಮಗುವಿಗೂ ಆಗುವುದಿಲ್ಲ ಎಂಬುದನ್ನು ಈ ಭೂಮಿಯ ಮೇಲೆ ಯಾರು ನೋಡುತ್ತಾರೆ? ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಎಂತ ಟೀಚರ್, ಎಂತಾದ್ರೂ ತಪ್ಪಾಯ್ತಾ?" ಅಕ್ಷಯಾಳ ದನಿ ಸಣ್ಣದಾಗಿತ್ತು.

"ನಿನ್ನದಲ್ಲ ಮಗಾ. ಆ ಪರೀಕ್ಷೆಯೇ ಸರಿ ಆಗ್ಲಿಲ್ಲ. ನಾನು ಅದರ ಮೇಲೆ ಬರೆದದ್ದೆಲ್ಲ ತಪ್ಪು."

"ನಾನು ತಪ್ಪು ಮುಖಕ್ಕೆ ಗುರುತು ಹಾಕಿದ್ದರಿಂದವಾ?"

"ಅಲ್ಲ, ಅಲ್ಲವೇ ಅಲ್ಲ."

ಹುಡುಗಿ ನಂಬಲಿಲ್ಲ. ಒಂದು ಗಳಿಗೆ ಯೋಚಿಸಿದಳು. ಆಮೇಲೆ ಹಗುರವಾಗಿ, ಅಂಗಡಿಗೆ ಹೋಗಿ ಬರುತ್ತೇನೆ ಎಂಬಷ್ಟು ಹಗುರವಾಗಿ ಹೇಳಿದಳು:

"ಬೇಕಾದ್ರೆ ನಾನು ಇನ್ನೊಮ್ಮೆ ಆ ಕೋಣೆಯಲ್ಲಿ ಕೂತ್ಕೊಳ್ತೇನೆ ಟೀಚರ್. ಈ ಸಲ ಸರಿಯಾಗಿ ಹಾಕ್ತೇನೆ. ಉಳಿದವರನ್ನು ಕರೀಬೇಡಿ, ಅವರು ಹೆದರ್ತಾರೆ. ನಾನು ಒಬ್ಬಳೇ ಸಾಕಲ್ಲ?"

ಶಂಕರಿ ಅತ್ತಳು. ಮುಚ್ಚಿಕೊಳ್ಳಲಿಕ್ಕೂ ಆಗಲಿಲ್ಲ, ಮಗುವಿನ ಎದುರೇ, ಮೇಜಿನ ಮೇಲೆ ಮೊಣಕೈ ಊರಿ, ಬಿಕ್ಕಿ ಬಿಕ್ಕಿ ಅತ್ತಳು. ಅಕ್ಷಯಾ ಏನು ಮಾಡುವುದೆಂದು ತೋಚದೆ ಪುಸ್ತಕದ ಹೊರೆಯೊಂದಿಗೆ ಅಲ್ಲೇ ನಿಂತಿದ್ದಳು. ಕಡೆಗೆ ಶಂಕರಿ ಸೆರಗಿನಿಂದ ಮೂಗು ಒರೆಸಿಕೊಂಡು, ಫೋನು ತೆಗೆದು ಗೈಡಿಗೆ ಮಾಡಿದಳು.

"ಸರ್, ನಾನು ಕೊಡುವುದಿಲ್ಲ."

"ಯಾಕೆ, ಏನಾಯಿತು?"

"ಆ ಕೋಣೆಯಲ್ಲಿ ಕೂತ ಮಗು ವಾಂತಿ ಮಾಡಿದೆ ಸರ್. ಹೆದರಿಕೆ ಆಗಲಿಲ್ಲ ಅಂತ ನಾನು ಹೇಗೆ ಬರೆಯಲಿ?"

"ಆರು ವರ್ಷ, ಶಂಕರಿ."

"ಹೌದು ಸರ್. ಆರು ವರ್ಷ."

"ಹಾಗಾದರೆ ಮೂವತ್ತೊಂದಕ್ಕೆ?"

"ಮೂವತ್ತೊಂದಕ್ಕೆ ಏನೂ ಇಲ್ಲ ಸರ್. ನನ್ನಿಂದ ಆಗುವುದಿಲ್ಲ."

ಫೋನು ಕೆಳಗಿಟ್ಟಳು. ಹೋಯಿತು. ಆರು ವರ್ಷದ ನಿದ್ದೆ, ಆರು ವರ್ಷದ ಭಾನುವಾರಗಳು ಎಲ್ಲ ಹೋಯಿತು, ಅದಕ್ಕೆ ದುಃಖವಾಗಲಿಲ್ಲ ಎಂದರೆ ಸುಳ್ಳಾದೀತು. ಎದೆಯಲ್ಲಿ ಕಲ್ಲಿಟ್ಟ ಹಾಗೆ ದುಃಖವಾಯಿತು. ಹೊರಗೆ ಲಾಂಗ್ ಬೆಲ್ ಹೊಡೆದು ಮಕ್ಕಳು ಗೌಜಿ ಮಾಡುತ್ತ ಓಡಿದರು. ಗೇಟಿನ ಕಡೆಯಿಂದ ಕಾರಿನ ಹಾರ್ನು ಎರಡು ಸಲ ಕೇಳಿತು. ಅಕ್ಷಯಾ ಬೆಚ್ಚಿ, ಪುಸ್ತಕಗಳನ್ನು ಸರಿಯಾಗಿ ತಬ್ಬಿಕೊಂಡು, "ಹೋಗ್ಲಾ ಟೀಚರ್?" ಎಂದಳು.

"ಹೋಗು. ಪುಸ್ತಕ ಅಲ್ಲೇ ಇಡು."

"ಹೊನ್ನಯ್ಯ ಮಾಷ್ಟ್ರು ಕಾಯ್ತಾ ಇದ್ದಾರೆ."

"ಕಾಯ್ಲಿ. ಅವರಿಗೆ ಎರಡು ಕೈ ಉಂಟು, ಬಂದು ತೆಕ್ಕೊಂಡು ಹೋಗ್ಲಿ. ಕೇಳಿದ್ರೆ ಶಂಕರಿ ಟೀಚರ್ ಹೇಳಿದ್ದು ಅಂತ ಹೇಳು."

ಅಕ್ಷಯಾ ಇಡಲೋ ಬೇಡವೋ ಎಂದು ಅವಳ ಮುಖ ನೋಡಿದಳು. ಹಾರ್ನು ಇನ್ನೊಮ್ಮೆ ಕೇಳಿತು. ಹುಡುಗಿ ಪುಸ್ತಕಗಳನ್ನು ಮೇಜಿನ ಮೇಲಿಟ್ಟು, ಬರಿಗೈಯಲ್ಲಿ ಹೊರಗೆ ಹೋದಳು.